ಹೋದದ್ದೇ ಮರಳಿ ಬಂದಿದೆ ಎಂದು ತೋರಿಸುವುದು ಹೇಗೆ?



ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳಿರುವ ಈ ಭಾಗದ ಬೆಂಗಳೂರಿನಲ್ಲಿ ವಿದೇಶ ಎನ್ನುವುದು ದೂರದ ಮಾತಾಗಿ ಉಳಿದಿಲ್ಲ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ತಾಯಿ, ಕಂಪನಿಯ ಕೆಲಸಕ್ಕೆ ಎರಡು ಲ್ಯಾಪ್‌ಟಾಪ್ ಹೊತ್ತು ಸಿಂಗಪುರಕ್ಕೆ ಹೊರಡುವ ಹುಡುಗ, ದುಬೈಯಲ್ಲಿರುವ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗುವ ಅಕ್ಕ, ಎಲ್ಲರೂ ನಮ್ಮ ಬೀದಿಯವರೇ. ಬನಶಂಕರಿಯಲ್ಲಿ ವಾಯುವಜ್ರ ಬಸ್ಸು ಹತ್ತುವಾಗ ಆ ತಾಯಿಯ ಕೊರಳಲ್ಲಿ ಕರಿಮಣಿ ಇರುತ್ತದೆ, ಕೈಯಲ್ಲಿ ಬಳೆ, ಕಿವಿಯಲ್ಲಿ ಬೆಂಡೋಲೆ. ಹೊರಡುವಾಗ ಅವುಗಳ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಆರು ತಿಂಗಳ ನಂತರ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮಾತ್ರ ಅವೇ ಒಡವೆಗಳು ಪ್ರಶ್ನೆಯಾಗಬಲ್ಲವು: ಇವು ಎಲ್ಲಿಯವು, ಬಿಲ್ ಎಲ್ಲಿದೆ, ಯಾವಾಗ ಕೊಂಡದ್ದು? ಹೋಗುವ ಬಾಗಿಲಲ್ಲಿ ಮೌನ, ಬರುವ ಬಾಗಿಲಲ್ಲಿ ವಿಚಾರಣೆ. ಇವತ್ತಿನ ನನ್ನ ವಾದ ಈ ಅಸಮತೆಯ ಸುತ್ತಲೇ ಇದೆ. ಬರುವಾಗಿನ ಪ್ರಶ್ನೆಗೆ ಉತ್ತರವನ್ನು ಹೋಗುವಾಗಲೇ ಬರೆಸಿಕೊಳ್ಳುವುದು ಪ್ರಯಾಣಿಕರ ಹಕ್ಕು. ಆ ಹಕ್ಕು ಮನೆಯ ಹತ್ತಿರ, ಸುಲಭವಾಗಿ, ನಮ್ಮ ಭಾಷೆಯಲ್ಲಿ ಸಿಗುವಂತೆ ಮಾಡುವುದು ಸರ್ಕಾರದ ಕರ್ತವ್ಯ.

ಮೊದಲು ಕಾನೂನಿನ ಕಣ್ಣಿನಿಂದ ನೋಡೋಣ. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಆಮದು ಎಂದರೆ ಭಾರತದ ಹೊರಗಿನ ಸ್ಥಳದಿಂದ ಭಾರತದೊಳಕ್ಕೆ ತರುವುದು, ಅಷ್ಟೆ. ಅಂಗಡಿಯವನು ತಂದರೂ ಆಮದು, ಅಜ್ಜಿ ತಂದರೂ ಆಮದು. ಅದೇ ಕಾಯ್ದೆಯ 20ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಲ್ಲಿಂದ ಹೊರಗೆ ಹೋದ ವಸ್ತು ಮತ್ತೆ ಒಳಗೆ ಬಂದರೆ, ಅದೇ ಬಗೆಯ, ಅದೇ ಬೆಲೆಯ ವಿದೇಶಿ ವಸ್ತುವಿಗೆ ಎಷ್ಟು ಸುಂಕವೋ, ಯಾವ ಷರತ್ತೋ, ಇದಕ್ಕೂ ಅದೇ ಎನ್ನುತ್ತದೆ. ಅಂದರೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಾಡಿಸಿದ ಸರ ಒಮ್ಮೆ ಗಡಿ ದಾಟಿ ಬಂದರೆ, ವಿನಾಯಿತಿಯ ಆಸರೆ ಇಲ್ಲದಿದ್ದಲ್ಲಿ ಅದು ಪರದೇಶದ ಸರಕು. ವಿನಾಯಿತಿ ಬರುವುದು ಬ್ಯಾಗೇಜ್ ನಿಯಮಗಳಿಂದ. 2016ರ ನಿಯಮಗಳು ಪ್ರಯಾಣಿಕನ ಬಳಸಿದ ಸ್ವಂತ ವಸ್ತುಗಳಿಗೆ ಸುಂಕ ಬಿಟ್ಟವು. ಆದರೆ ಸ್ವಂತ ವಸ್ತು ಎಂದರೇನು ಎಂದು ವಿವರಿಸುವಾಗ, ದಿನನಿತ್ಯದ ಅಗತ್ಯಕ್ಕೆ ಬೇಕಾದವು ಎಂದು ಹೇಳಿ, ಅದರಿಂದ ಆಭರಣವನ್ನು ಹೊರಗಿಟ್ಟವು. ಬಾಚಣಿಗೆ ಸ್ವಂತದ್ದು, ಸೀರೆ ಸ್ವಂತದ್ದು, ತಾಳಿ ಮಾತ್ರ ಆ ವ್ಯಾಖ್ಯೆಯೊಳಗೆ ಬರಲಿಲ್ಲ. ಮದುವೆಯ ದಿನದಿಂದ ಕೊರಳಿನಿಂದ ತೆಗೆಯದ ಒಡವೆಗಿಂತ ಸ್ವಂತದ್ದು ಬೇರೆ ಯಾವುದಿದೆ ಎಂದು ಯಾವ ಹೆಣ್ಣುಮಗಳಾದರೂ ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದು.

ಆಭರಣಕ್ಕೆ ಅದೇ ನಿಯಮಗಳು ಬೇರೊಂದು ರಿಯಾಯಿತಿ ಕೊಟ್ಟವು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗೆ ನೆಲೆಸಿ ಮರಳುವ ಹೆಂಗಸಿಗೆ 40 ಗ್ರಾಂ, ಗಂಡಸಿಗೆ 20 ಗ್ರಾಂ. ಅದೂ ಕ್ರಮವಾಗಿ ಒಂದು ಲಕ್ಷ ಮತ್ತು 50 ಸಾವಿರ ರೂಪಾಯಿಯ ಮಿತಿಯೊಳಗೆ. ನಿಯಮ ಬಂದಾಗ 10 ಗ್ರಾಂ ಚಿನ್ನ 30 ಸಾವಿರದ ಆಸುಪಾಸಿನಲ್ಲಿದ್ದುದರಿಂದ ತೂಕ ಮತ್ತು ಬೆಲೆ ಒಂದಕ್ಕೊಂದು ಹತ್ತಿರವಿದ್ದವು. 2025ರ ಏಪ್ರಿಲ್ ಹೊತ್ತಿಗೆ 10 ಗ್ರಾಮಿನ ಬೆಲೆಯೇ ಲಕ್ಷ ಮುಟ್ಟಿತು. ಕಾಗದದ ಮೇಲೆ 40 ಗ್ರಾಂ ಹಾಗೇ ಇತ್ತು, ಕೈಗೆ ಸಿಗುತ್ತಿದ್ದುದು 10 ಗ್ರಾಂ. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮಗಳು ಬೆಲೆಯ ಮಿತಿಯನ್ನು ತೆಗೆದು ತೂಕವನ್ನಷ್ಟೇ ಉಳಿಸಿದವು, ಸಾಮಾನ್ಯ ವಸ್ತುಗಳ ವಿನಾಯಿತಿಯನ್ನು 50 ಸಾವಿರದಿಂದ 75 ಸಾವಿರಕ್ಕೆ ಏರಿಸಿದವು. ಇದು ಒಳ್ಳೆಯ ತಿದ್ದುಪಡಿ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಮ್ಮ ಬಾಣಂತನದ ತಾಯಿಯ ಕಷ್ಟಕ್ಕೆ ಇದು ಉತ್ತರವಲ್ಲ, ಏಕೆಂದರೆ ಒಂದು ವರ್ಷದ ಷರತ್ತು ಹಾಗೆಯೇ ಇದೆ. ಆಕೆ ಇದ್ದದ್ದು ಆರು ತಿಂಗಳು. ಹೊರಗೆ ದುಡಿದು ಒಡವೆ ಮಾಡಿಸಿಕೊಂಡು ಬರುವವರಿಗಾಗಿ ಮಾಡಿದ ರಿಯಾಯಿತಿ ಅದು. ಇಲ್ಲಿಂದಲೇ ತೊಟ್ಟುಕೊಂಡು ಹೋಗಿ ತೊಟ್ಟುಕೊಂಡೇ ಬರುವವರ ಪ್ರಶ್ನೆ ಬೇರೆಯೇ.

ಇನ್ನೊಂದು ಇಲಾಖೆ ಇದೇ ಚಿನ್ನವನ್ನು ಹೇಗೆ ನೋಡುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಆದಾಯ ತೆರಿಗೆಯವರು ಮನೆ ಶೋಧಿಸುವಾಗ ಮದುವೆಯಾದ ಹೆಂಗಸಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆಗಳನ್ನು ಜಪ್ತಿ ಮಾಡಬಾರದು ಎಂದು ನೇರ ತೆರಿಗೆಗಳ ಮಂಡಳಿ 1994ರ ಮೇ 11ರಂದೇ ಸೂಚನೆ ಕೊಟ್ಟಿತು. ಈ ದೇಶದ ಮನೆಗಳಲ್ಲಿ ಚಿನ್ನ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಅದಕ್ಕೆ ರಸೀತಿ ಇರುವುದಿಲ್ಲ ಎಂಬ ತಿಳಿವಳಿಕೆ ಆ ಸೂಚನೆಯ ಹಿಂದಿದೆ. ಒಂದೇ ಹಣಕಾಸು ಸಚಿವಾಲಯದ ಎರಡು ಕೈಗಳು. ಒಂದಕ್ಕೆ ಅಜ್ಜಿ ಕೊಟ್ಟ ಅವಲಕ್ಕಿ ಸರ ಅರ್ಥವಾಗುತ್ತದೆ, ಇನ್ನೊಂದಕ್ಕೆ ಬಿಲ್ ಬೇಕು.

ಹಾಗಾದರೆ ದಾರಿಯೇ ಇಲ್ಲವೆ? ಇದೆ, ಮತ್ತು ಹಳೆಯದು. ಬೆಲೆಬಾಳುವ ಒಡವೆ, ಕ್ಯಾಮೆರಾ, ಲ್ಯಾಪ್‌ಟಾಪ್ ಹೊತ್ತು ಹೊರಡುವವರು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಅವುಗಳನ್ನು ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬಹುದು. ಮರಳುವಾಗ ಆ ಪತ್ರ ತೋರಿಸಿದರೆ ಅವೇ ವಸ್ತುಗಳಿಗೆ ಸುಂಕವಿಲ್ಲ. ಇದು ಕಡ್ಡಾಯವಲ್ಲ, ಪ್ರಯಾಣಿಕರ ಅನುಕೂಲಕ್ಕೆ ಇರುವ ಸೌಲಭ್ಯ ಎಂದು ಪರೋಕ್ಷ ತೆರಿಗೆಗಳ ಮಂಡಳಿಯೇ ಸ್ಪಷ್ಟಪಡಿಸಿದೆ. ಬೇರೆ ದೇಶಗಳಲ್ಲೂ ಇಂಥದ್ದೇ ಏರ್ಪಾಡುಗಳಿವೆ. ಅಮೆರಿಕದಲ್ಲಿ 4457 ಎಂಬ ಸಂಖ್ಯೆಯ ನಮೂನೆಯಿದೆ. ಕ್ರಮಸಂಖ್ಯೆಯೊಂದಿಗೆ ವಸ್ತುವನ್ನು ಒಮ್ಮೆ ನೋಂದಾಯಿಸಿದರೆ ಅದೇ ಕಾಗದವನ್ನು ಮತ್ತೆ ಮತ್ತೆ ಬಳಸಬಹುದು. ಕೆನಡಾದವರು ಆಭರಣಕ್ಕೆ ಕ್ರಮಸಂಖ್ಯೆ ಇರುವುದಿಲ್ಲವೆಂಬುದನ್ನು ಒಪ್ಪಿಕೊಂಡು, ಮೌಲ್ಯಮಾಪಕರ ವರದಿಯನ್ನೂ ಸಹಿ ಮಾಡಿದ ಛಾಯಾಚಿತ್ರವನ್ನೂ ಜೊತೆಗಿಟ್ಟುಕೊಳ್ಳುವಂತೆ ತಮ್ಮ ಪ್ರಯಾಣಿಕರಿಗೆ ಹೇಳುತ್ತಾರೆ. ಈ ಎಲ್ಲದರ ಹಿಂದಿನ ವಿವೇಕ ಒಂದೇ. ವಸ್ತು ಎಲ್ಲಿತ್ತು ಎಂಬ ಸತ್ಯವನ್ನು ಅದು ಕಣ್ಣೆದುರು ಇರುವಾಗಲೇ ಬರೆದಿಟ್ಟುಕೊಳ್ಳುವುದು, ಆಮೇಲೆ ನೆನಪಿನಿಂದ ಸಾಬೀತು ಮಾಡುವ ಪಾಡಿಗಿಂತ ಎಷ್ಟೋ ಮೇಲು.

ನಮ್ಮ ಕಾಯ್ದೆಯ ಒಳಗೂ ಘೋಷಿಸಿದವನ ಕಡೆಗೆ ಒಲವಿದೆ ಎಂಬುದನ್ನು ಗಮನಿಸಿ. 77ನೇ ಕಲಂ ಪ್ರಕಾರ ತನ್ನ ಸಾಮಾನಿನ ನಿಜವಾದ ಘೋಷಣೆ ಮಾಡಿದವನು, ಸುಂಕ ಕಟ್ಟಲಾಗದ ವಸ್ತುವನ್ನು ಇಲ್ಲೇ ಇಟ್ಟುಕೊಂಡು ತಾನು ದೇಶ ಬಿಡುವಾಗ ಮರಳಿ ಕೊಡಿ ಎಂದು 80ನೇ ಕಲಂ ಪ್ರಕಾರ ಕೇಳಬಹುದು. ಘೋಷಿಸದೆ, ಸುಂಕದ ವಸ್ತು ಇಲ್ಲದವರಿಗೆಂದು ಇರುವ ಹಸಿರು ದಾರಿಯಲ್ಲಿ ನಡೆದುಬಿಟ್ಟವನಿಗೆ ಆ ಕಲಂ ಆಸರೆಯಾಗುವುದಿಲ್ಲ. ಅವನ ವಸ್ತುವಿಗೆ 111ನೇ ಕಲಂ ಕಾದಿರುತ್ತದೆ, ಅಂದರೆ ಮುಟ್ಟುಗೋಲು. ಚಿನ್ನ ಮತ್ತು ಕೈಗಡಿಯಾರದ ವಿಷಯದಲ್ಲಂತೂ, ಕಳ್ಳಸಾಗಣೆಯ ಶಂಕೆಯ ಮೇಲೆ ಜಪ್ತಿಯಾದರೆ, ಅದು ಕಳ್ಳಸಾಗಣೆಯದ್ದಲ್ಲ ಎಂದು ತೋರಿಸುವ ಹೊಣೆ 123ನೇ ಕಲಂ ಪ್ರಕಾರ ಹೊಂದಿದವನ ಹೆಗಲಿಗೇ ಬೀಳುತ್ತದೆ. ಸಾಬೀತಿನ ಹೊರೆ ನಮ್ಮ ಮೇಲಿರುವಾಗ ಸಾಬೀತಿನ ಸಾಧನವೂ ನಮ್ಮ ಕೈಗೆಟುಕುವಂತಿರಬೇಕಲ್ಲವೆ?

ಆದರೂ ಆ ಪತ್ರ ಮಾಡಿಸಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆದಿಲ್ಲ. ಘೋಷಣೆ ಎಂದರೆ ತಪ್ಪೊಪ್ಪಿಗೆ ಎಂಬ ಭಾವ ನಮ್ಮಲ್ಲಿ ಆಳವಾಗಿ ಕೂತಿರುವುದು ಇದಕ್ಕೆ ಒಂದು ಕಾರಣ ಎಂದು ನನಗೆ ತೋರುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕೇಳಿಸಿಕೊಳ್ಳದ ಕಿವಿಯ ಅನುಭವ ಅದರಲ್ಲಿದೆ. ಆದರೆ ಕನ್ನಡ ನಾಡಿನಲ್ಲಿ ಸುಂಕಕ್ಕೆ ಇನ್ನೊಂದು ಮುಖವೂ ಇತ್ತು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಬರುತ್ತದೆ, ಸುಂಕವೆರ್ಗಡೆ ಎಂಬ ಅಧಿಕಾರಿ ಬರುತ್ತಾನೆ. ಅಲ್ಲಿ ಸುಂಕದ ಮಾತು ಹೇರಿನ ಸುತ್ತ, ಎತ್ತಿನ ಮೇಲೆ ಬರುವ ವ್ಯಾಪಾರದ ಸರಕಿನ ಸುತ್ತ ನಡೆಯುತ್ತದೆ. ಯಾವ ಹೇರಿಗೆ ಸುಂಕವಿಲ್ಲ ಎಂಬುದನ್ನೂ ಕಲ್ಲಿನ ಮೇಲೆ ಕೊರೆಸುತ್ತಿದ್ದರು. ವಿನಾಯಿತಿ ಎಂಬುದು ಅಧಿಕಾರಿಯ ಮರ್ಜಿಗೆ ಬಿಟ್ಟದ್ದಾಗಿರದೆ ಎಲ್ಲರೂ ಓದಬಹುದಾದ ಬರಹವಾಗಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರರಿದ್ದರು. ಸುಂಕ ವಸೂಲಿಯೇ ಅವರ ಕಾಯಕ. ಆ ಕೆಲಸವನ್ನೂ ಕಾಯಕವೆಂದು ಮಾಡಬಹುದು ಎಂದು ಒಪ್ಪಿದ ಪರಂಪರೆ ನಮ್ಮದು. ಸುಂಕದಕಟ್ಟೆಯನ್ನು ಕಂಡರೆ ಬೆವರುವ ಅಗತ್ಯ ಪ್ರಾಮಾಣಿಕನಿಗೆ ಇರಬಾರದು, ಆದರೆ ಆ ಧೈರ್ಯ ಬರಿಯ ಉಪದೇಶದಿಂದ ಬರುವುದಿಲ್ಲ. ಕೈಯಲ್ಲಿ ಬರಹವಿದ್ದರೆ ಬರುತ್ತದೆ.

ಈಗ ವಸ್ತುಗಳನ್ನೇ ಹತ್ತಿರದಿಂದ ನೋಡೋಣ. ಮೊಬೈಲಿನ ವಿಷಯ ಸುಲಭ. ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಲ್ಯಾಪ್‌ಟಾಪಿನ ಅಡಿಯಲ್ಲಿ ಕ್ರಮಸಂಖ್ಯೆ ಇರುತ್ತದೆ. ಚೀಟಿ ಸವೆದಿದ್ದರೂ ಯಂತ್ರದ ಒಳಗೆ ಅದೇ ಸಂಖ್ಯೆ ಉಳಿದಿರುತ್ತದೆ. ಹದಿನೆಂಟು ತುಂಬಿದವರಿಗೆ ಒಂದು ಲ್ಯಾಪ್‌ಟಾಪಿಗೆ ಸುಂಕವಿಲ್ಲ ಎಂಬುದು ಈ ನಗರದವರಿಗೆಲ್ಲ ಬಾಯಿಪಾಠ. ತೊಡಕು ಬರುವುದು ಎರಡನೆಯದಕ್ಕೆ, ಕಚೇರಿಯದೊಂದು ಸ್ವಂತದ್ದೊಂದು ಎಂದು ಹೊತ್ತವರಿಗೆ, ಮದುವೆ ಚಿತ್ರೀಕರಣಕ್ಕೆ ಕ್ಯಾಮೆರಾ, ಮಸೂರಗಳ ಪೆಟ್ಟಿಗೆಯೊಂದಿಗೆ ಹೊರಟವರಿಗೆ. 2016ರ ನಿಯಮಗಳ ಕಾಲದಲ್ಲಿ ವಿನಾಯಿತಿ ಮೀರಿದ ಸಾಮಾನಿನ ಮೇಲೆ ಶೇ 35ರ ಸುಂಕ, ಅದರ ಮೇಲೆ ಮೇಲ್ತೆರಿಗೆ ಸೇರಿ ಶೇ 38.5 ಬೀಳುತ್ತಿತ್ತು. ತನ್ನದೇ ಕ್ಯಾಮೆರಾಗೆ ಆ ದರದಲ್ಲಿ ಹಣ ತೆರುವುದೆಂದರೆ ದುಡಿಮೆಯೇ ಕರಗಿದಂತೆ. ಆದರೂ ಇವುಗಳಿಗೆ ಹುಟ್ಟಿನಿಂದ ಬಂದ ಸಂಖ್ಯೆಯಿದೆ. ಹೊರಡುವಾಗ ಆ ಸಂಖ್ಯೆ ಬರೆಸಿದರೆ ಮಾತು ಮುಗಿಯಿತು.

ಒಡವೆಯ ಕಥೆ ಹಾಗಲ್ಲ. ಒಂದು ಎರಡೆಳೆ ಕರಿಮಣಿ ಸರವನ್ನು ತಕ್ಕಡಿಯ ಮೇಲಿಟ್ಟು ನೋಡಿ. ಅದರಲ್ಲಿ ಕಪ್ಪು ಮಣಿ ಇದೆ, ಮಣಿಗಳ ನಡುವೆ ಚಿನ್ನದ ಗುಂಡು, ಕೆಳಗೆ ತಾಳಿಯ ಬೊಟ್ಟು, ಹಿಂದೆ ಕೊಂಡಿ. ತಕ್ಕಡಿ ತೋರಿಸುವುದು ಎಲ್ಲ ಸೇರಿದ ತೂಕ. ಚಿನ್ನ ಎಷ್ಟು ಎಂಬುದನ್ನು ಮಣಿ ಕಳೆದು ಅಂದಾಜು ಮಾಡಬೇಕು. ಸರ ಹರಿದು ಎರಡು ಸಲ ಪೋಣಿಸಿದ್ದರೆ ಗುಂಡುಗಳೇ ಬದಲಾಗಿರಬಹುದು. ಬೊಟ್ಟು ತವರಿನದು, ಸರ ಅತ್ತೆಯ ಮನೆಯದು, ಕೊಂಡಿ ಹೋದ ವರ್ಷದ್ದು. ಇದಕ್ಕೆ ಯಾವ ಬಿಲ್ ತರುವುದು? 2021ರ ಜೂನ್‌ನಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಒಡವೆಯ ಮೇಲೆ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಗುರುತು ಇರಬೇಕು. ಚಿನ್ನದ ಚರಿತ್ರೆಯಲ್ಲಿ ಇದು ದೊಡ್ಡ ಬದಲಾವಣೆ, ಏಕೆಂದರೆ ಮೊಟ್ಟಮೊದಲ ಬಾರಿಗೆ ಒಂದು ಬಳೆಗೆ ಅದರದೇ ಹೆಸರು ಸಿಕ್ಕಿತು. ಆದರೆ ಎರಡು ಗ್ರಾಮಿಗಿಂತ ಹಗುರವಾದದ್ದಕ್ಕೆ ಕಡ್ಡಾಯವಿಲ್ಲ. ಕುಂದನ, ಪೋಲ್ಕಿ, ಜಡಾವು ಒಡವೆಗಳಿಗೂ ಇಲ್ಲ. ತಾಳಿಯ ಸಣ್ಣ ಬೊಟ್ಟು ಈ ವಿನಾಯಿತಿಯಲ್ಲೇ ಬರುತ್ತದೆ. ಮನೆಯ ಬೀರುವಿನಲ್ಲಿರುವ ಹಳೆಯ ಚಿನ್ನಕ್ಕೆ ಗುರುತೇ ಇಲ್ಲ. ಹೀಗಾಗಿ ಗಡಿಯಲ್ಲಿ ಯಾವುದಕ್ಕೆ ರಕ್ಷಣೆ ಹೆಚ್ಚು ಬೇಕೋ ಅದಕ್ಕೇ ಸಂಖ್ಯೆ ಇಲ್ಲ. ಅದಕ್ಕೆ ಛಾಯಾಚಿತ್ರ, ತೂಕ ಮತ್ತು ವರ್ಣನೆ ಇರುವ ಸರ್ಕಾರಿ ಪತ್ರವೇ ಬೇಕು.

ಆ ಪತ್ರ ಎಲ್ಲಿ ಸಿಗಬೇಕು? ಜಯನಗರದಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 40 ಕಿಲೋಮೀಟರ್. ಪೆಟ್ಟಿಗೆ ತೂಗಿಸುವ ಆತುರ, ಮಗಳಿಗೆ ಕಟ್ಟಿದ ಬಾಣಂತಿ ಪುಡಿಗಳ ಚಿಂತೆ, ರಾತ್ರಿಯ ವಿಮಾನ. ಅಂಥ ಹೊತ್ತಿನಲ್ಲಿ ಅಧಿಕಾರಿಯನ್ನು ಹುಡುಕಿ, ಒಡವೆ ಬಿಚ್ಚಿಟ್ಟು, ಪತ್ರ ಬರೆಸಿಕೊಳ್ಳಿ ಎನ್ನುವುದು ಅರವತ್ತೈದರ ತಾಯಿಗೆ ಇಲ್ಲವೆಂದು ಹೇಳಿದಂತೆಯೇ. ಬನಶಂಕರಿ ಬಸ್ ನಿಲ್ದಾಣದ ಕಟ್ಟಡದಲ್ಲೇ ಕೇಂದ್ರ ತೆರಿಗೆಯ ಕಚೇರಿ ಇದೆ. ಅದನ್ನು ನಡೆಸುವ ಮಂಡಳಿಯೂ ಕಸ್ಟಮ್ಸ್ ನಡೆಸುವ ಮಂಡಳಿಯೂ ಒಂದೇ. ಅಂಥ ಕಚೇರಿಗಳಲ್ಲಿ ವಾರಕ್ಕೆ ಎರಡು ದಿನವಾದರೂ ಒಂದು ಕಟ್ಟೆ ತೆರೆದು, ಅನುಮೋದಿತ ಮೌಲ್ಯಮಾಪಕರೊಬ್ಬರನ್ನು ಕೂರಿಸಿ, ಒಡವೆಯ ತೂಕ ಮತ್ತು ಚಿತ್ರ, ಯಂತ್ರದ ಕ್ರಮಸಂಖ್ಯೆ ದಾಖಲಿಸಿಕೊಳ್ಳಲಿ. ವಿಮಾನ ನಿಲ್ದಾಣದಲ್ಲಿ ಆ ದಾಖಲೆಯನ್ನು ವಸ್ತುವಿನೊಂದಿಗೆ ತಾಳೆ ನೋಡಿ ಮುದ್ರೆ ಒತ್ತಿದರೆ ಸಾಕು. ಇದು ಆಗದ ಮಾತಲ್ಲ. ಪಾಸ್‌ಪೋರ್ಟಿನ ಕೆಲಸವನ್ನು ಒಂದೇ ಕಚೇರಿಯ ಸಾಲಿನಿಂದ ಬಿಡಿಸಿ ಸೇವಾ ಕೇಂದ್ರಗಳಿಗೆ ಹಂಚಿದ ಪ್ರಯೋಗ 2010ರಲ್ಲಿ ಇದೇ ಬೆಂಗಳೂರಿನಲ್ಲಿ ನಡೆದು ದೇಶಕ್ಕೆಲ್ಲ ಹಬ್ಬಿತು. ಬರುವವರ ಘೋಷಣೆಗೆ 2019ರಲ್ಲೇ ಅತಿಥಿ ಎಂಬ ಆಪ್ ಬಂದಿದೆ. ಬರುವವರಿಗೆ ತೋರಿದ ಆಸ್ಥೆಯನ್ನು ಹೋಗುವವರಿಗೂ ತೋರಿಸಿ ಎಂಬುದು ನನ್ನ ಕೋರಿಕೆ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಕಳ್ಳಸಾಗಣೆ ಇರುವಾಗ ಸಡಿಲಿಸುವುದು ಸರಿಯೆ ಎನ್ನುವುದು ಮೊದಲನೆಯದು. 2025ರ ಮಾರ್ಚ್ 3ರಂದು ನಮ್ಮದೇ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ 14.2 ಕಿಲೋ ಚಿನ್ನವನ್ನು ಕಂದಾಯ ಗುಪ್ತಚರ ನಿರ್ದೇಶನಾಲಯ ಹಿಡಿಯಿತು. ಗಣ್ಯರಿಗೆ ಮೀಸಲಾದ ಶಿಷ್ಟಾಚಾರದ ದಾರಿ ದುರ್ಬಳಕೆಯಾಯಿತೆ ಎಂದು ತನಿಖೆ ನಡೆಸಲು ರಾಜ್ಯ ಸರ್ಕಾರವೇ ಆದೇಶಿಸಬೇಕಾಯಿತು. ಆ ಪ್ರಕರಣದ ತೀರ್ಪು ನ್ಯಾಯಾಲಯಕ್ಕೆ ಸೇರಿದ್ದು. ನಾನು ಹೇಳುವುದಿಷ್ಟೆ: ಅಂಥ ಪ್ರಮಾಣದ ಚಿನ್ನ ಹೊರಡುವಾಗ ಬರೆಸಿಟ್ಟ ಪತ್ರದ ನೆರಳಿನಲ್ಲಿ ಬರುವುದಿಲ್ಲ. ಬರೆಸಿಟ್ಟ ಒಡವೆಗಳನ್ನು ತಾಳೆ ನೋಡಿ ಬೇಗ ಬಿಟ್ಟರೆ ಅಧಿಕಾರಿಗಳ ಸಮಯ ಮತ್ತು ಗಮನ ನಿಜವಾಗಿ ಬೇಕಾದ ಕಡೆಗೆ ಹರಿಯುತ್ತದೆ. 2024ರ ಜುಲೈನಲ್ಲಿ ಚಿನ್ನದ ಮೇಲಿನ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ ಕಳ್ಳಸಾಗಣೆಯ ಲಾಭ ಕುಗ್ಗಿಸುವುದೂ ಲೆಕ್ಕದಲ್ಲಿತ್ತು. ದರದಿಂದ ಆಗಬೇಕಾದ ಕೆಲಸವನ್ನು ತಾಯಂದಿರ ಕೊರಳು ನೋಡಿ ಮಾಡಲಾಗದು.

ಎರಡನೆಯದು, ಇದು ಅನುಕೂಲಸ್ಥರ ಗೋಳಲ್ಲವೆ ಎಂಬ ಮಾತು. ಒಂದು ಕಾಲಕ್ಕೆ ಹಾಗಿದ್ದೀತು. ಈಗ ಗಲ್ಫಿನಲ್ಲಿ ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ, ಹಡಗಿನಲ್ಲಿ ದುಡಿಯುವ ಕರಾವಳಿಯ ಹುಡುಗರೂ ಇದೇ ಬಾಗಿಲಲ್ಲಿ ಬರುತ್ತಾರೆ. ವಕೀಲರನ್ನು ಇಟ್ಟುಕೊಳ್ಳಬಲ್ಲವರು ಹೈಕೋರ್ಟಿಗೆ ಹೋಗಿ ಒಡವೆ ಬಿಡಿಸಿಕೊಳ್ಳುತ್ತಾರೆ. ಸುಪ್ರೀಂ ಕೋರ್ಟು 2017ರಲ್ಲಿ, ಸ್ವಂತ ಬಳಕೆಯ ಆಭರಣವನ್ನು ಇತರ ಆಭರಣದಿಂದ ಬೇರೆಯಾಗಿ ನೋಡಬೇಕೆಂಬ ನಿಲುವನ್ನು ಎತ್ತಿಹಿಡಿಯಿತು. ದೆಹಲಿ ಹೈಕೋರ್ಟು ಅದನ್ನು 2016ರ ನಿಯಮಗಳಿಗೂ ಅನ್ವಯಿಸಿತು. ಅದೇ ಹೈಕೋರ್ಟು 2025ರಲ್ಲಿ, ಮೊದಲೇ ಅಚ್ಚು ಹಾಕಿದ ನಮೂನೆಗೆ ಸಹಿ ಹಾಕಿಸಿಕೊಂಡು ಪ್ರಯಾಣಿಕರ ನೋಟಿಸು ಮತ್ತು ವಿಚಾರಣೆಯ ಹಕ್ಕನ್ನು ಬಿಡಿಸುವ ಪದ್ಧತಿ ಕಾನೂನಿಗೆ ಸಲ್ಲದು ಎಂದಿತು. ಈ ತೀರ್ಪುಗಳು ಅಮೂಲ್ಯ. ಆದರೆ ತೀರ್ಪು ತಲುಪುವುದು ಮೊಕದ್ದಮೆ ಹೂಡಿದವರನ್ನು. ಹೊರಡುವಾಗಿನ ಪತ್ರ ಬಡವರ ಕೈಗೂ ನಿಲುಕುವ ತೀರ್ಪು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮೂರನೆಯ ಆಕ್ಷೇಪ. ಮನೆಯ ಚಿನ್ನವನ್ನು ಸರ್ಕಾರದ ಪುಸ್ತಕದಲ್ಲಿ ಬರೆಸುವುದು ಕ್ಷೇಮವೆ? 1963ರ ಚಿನ್ನ ನಿಯಂತ್ರಣ ನಿಯಮಗಳನ್ನು, 1968ರ ಕಾಯ್ದೆಯನ್ನು ಕಂಡ ತಲೆಮಾರು ಈ ಸಭೆಯಲ್ಲಿದೆ. ಹೊಸ ಒಡವೆ ಹದಿನಾಲ್ಕು ಕ್ಯಾರೆಟ್ ಮೀರಬಾರದೆಂಬ ಕಟ್ಟುಪಾಡಿನಲ್ಲಿ ಅಕ್ಕಸಾಲಿಗರ ಕುಲುಮೆಗಳು ಆರಿದ್ದನ್ನು ಅವರು ಮರೆತಿಲ್ಲ. ಆ ಕಾಯ್ದೆ 1990ರಲ್ಲಿ ರದ್ದಾಯಿತು, ಅದರ ಭಯ ರದ್ದಾಗಿಲ್ಲ. ಆದ್ದರಿಂದ ಪತ್ರ ಎಂದೂ ಕಡ್ಡಾಯವಾಗಕೂಡದು. ಪ್ರಯಾಣಿಕರು ಮರಳಿದ ಮೇಲೆ ಚಿತ್ರ ಮತ್ತು ವಿವರಗಳನ್ನು ಅಳಿಸಬೇಕು, ಬೇರೆ ಯಾವ ಇಲಾಖೆಗೂ ಅವು ಹೋಗಬಾರದು, ಮತ್ತು ಈ ಮೂರೂ ಸುತ್ತೋಲೆಯಲ್ಲಿರದೆ ನಿಯಮದಲ್ಲೇ ಇರಬೇಕು. ಈ ಮೂರು ಭರವಸೆ ಸಿಗದಿದ್ದರೆ, ನನ್ನ ಸಲಹೆಯನ್ನು ನೀವು ಒಪ್ಪದಿದ್ದರೂ ನನಗೆ ಬೇಸರವಿಲ್ಲ.

ಇನ್ನು ಅದಲುಬದಲಿನ ಅನುಮಾನ. ಇಲ್ಲಿ ಒಂದು ಸರ ಬರೆಸಿ, ಅದನ್ನು ಅಲ್ಲೇ ಬಿಟ್ಟು, ಬೇರೊಂದನ್ನು ಅದೇ ಪತ್ರದ ಮೇಲೆ ತರುವುದಿಲ್ಲವೆ ಎಂದು ಕೇಳಬಹುದು. ಪತ್ರ ಒರಟಾಗಿದ್ದರೆ ಖಂಡಿತ ಸಾಧ್ಯ. ಹಳದಿ ಲೋಹದ ಸರ ಒಂದು, ತೂಕ ಇಷ್ಟು ಎಂದು ಇಂಗ್ಲಿಷಿನಲ್ಲಿ ಗೀಚಿದರೆ ಅದರಡಿ ಯಾವ ಸರ ಬೇಕಾದರೂ ನುಸುಳುತ್ತದೆ. ಕನ್ನಡದ ಪ್ರಶ್ನೆ ಬರುವುದು ಇಲ್ಲೇ. ನಮ್ಮ ಒಡವೆಗಳಿಗೆ ನಿಖರವಾದ ಹೆಸರುಗಳಿವೆ: ಅವಲಕ್ಕಿ ಸರ, ಕಾಸಿನ ಸರ, ಗುಂಡಿನ ಸರ, ಬೆಂಡೋಲೆ, ಜುಮಕಿ, ವಂಕಿ, ಡಾಬು. ಒಂದೊಂದು ಹೆಸರೂ ಒಂದೊಂದು ಆಕಾರ, ಒಂದೊಂದು ಕೆಲಸಗಾರಿಕೆ. ಹೆಸರು ಗೊತ್ತಿರುವ ಕಣ್ಣಿಗೆ ಕಾಸಿನ ಸರದ ಜಾಗದಲ್ಲಿ ಅವಲಕ್ಕಿ ಸರವನ್ನು ಇಡಲಾಗದು. ಹಾಗಾಗಿ ಆ ಪತ್ರದ ಒಂದು ಸಾಲು ಹೀಗಿರಲಿ ಎಂದು ಬಯಸುತ್ತೇನೆ: ಎರಡೆಳೆ ಕರಿಮಣಿ ಸರ ಒಂದು, ಮಣಿ ಸೇರಿ ತೂಕ ಇಷ್ಟು, ಚಿನ್ನದ ಅಂದಾಜು ಇಷ್ಟು, ತಾಳಿ ಬೊಟ್ಟು ಎರಡು, ಎಡಗಡೆಯದರ ಅಂಚು ಸವೆದಿದೆ, ಕೊಂಡಿ ಹೊಸದು, ಧರಿಸಿದವರು ಕೊರಳಿನಿಂದ ತೆಗೆಯದೆ ತೋರಿಸಿದ್ದಾರೆ, ತೂಕಕ್ಕಾಗಿ ಮಹಿಳಾ ಅಧಿಕಾರಿಯ ಎದುರು, ಮರೆಯಲ್ಲಿ, ಒಮ್ಮೆ ತೆಗೆದಿದ್ದಾರೆ.